ಕೆಲಸ ಕಳೆದುಕೊಂಡ ಗಿರಣಿ ಕಾರ್ಮಿಕರ ಪರಿಹಾರಾರ್ಹತೆ

'ಅರ್ಹತೆ' ಎಂಬ ಪದಕ್ಕೆ ಯೋಗ್ಯತೆ ಎಂದರ್ಥ. ಲೋಕವ್ಯವಹಾರದಲ್ಲಿ ಯೋಗ್ಯತೆಯು ಗುಣದಿಂದ ನಿರ್ಣಯವಾದರೆ, ಶಾಸನದಲ್ಲಿ ಅದು ನಿಬಂಧನೆಯಿಂದ ನಿರ್ಣಯವಾಗುತ್ತದೆ. ಆದ್ದರಿಂದಲೇ ಸಂಕಟಕ್ಕೊಳಗಾದವರೆಲ್ಲರೂ ಸರಕಾರದ ಪರಿಹಾರಕ್ಕೆ ಅರ್ಹರಾಗುವುದಿಲ್ಲ. ಹತ್ತಿ ಬೆಳೆಯುವ ಎರೆನೆಲದ ನಡುವಿನ ಹುಲಕೋಟಿ, ಮಗ್ಗಗಳಿಗೆ ಹೆಸರಾದ ಗದಗ-ಬೆಟಗೇರಿ, ಇವುಗಳ ಸುತ್ತಲಿನ ಜನ ಅರಳೆ, ನೂಲು, ನೇಯ್ಗೆಗಳನ್ನು ನಂಬಿ ಬಾಳಿದವರು. ಈ ವಿಷಯ ನಮಗೆ ದೂರದ್ದಲ್ಲ.

ಮೊದಲು ಮೂರು ಸ್ಥಿತಿಗಳ ಭೇದವನ್ನು ತಿಳಿಯಬೇಕು. ಕಚ್ಚಾಮಾಲು, ವಿದ್ಯುಚ್ಛಕ್ತಿ ಮೊದಲಾದವುಗಳ ಅಭಾವದಿಂದ ಕೆಲವು ಕಾಲ ಕೆಲಸ ಕೊಡದಿರುವುದು ಲೇ-ಆಫ್. ಹೆಚ್ಚಾದ ಕಾರ್ಮಿಕರನ್ನು ತೆಗೆದುಹಾಕುವುದು ಕಡಿತ. ಉದ್ಯಮವನ್ನೇ ಶಾಶ್ವತವಾಗಿ ನಿಲ್ಲಿಸುವುದು ಮುಚ್ಚುಗಡೆ. 1947ರ ಕೈಗಾರಿಕಾ ವಿವಾದಗಳ ಕಾಯಿದೆಯು ಲೇ-ಆಫ್ ಆದವನಿಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧವನ್ನೂ, ಕಡಿತಗೊಂಡವನಿಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನವನ್ನೂ ವಿಧಿಸಿತ್ತು. ಇವು ಮಾಲೀಕನು ತೆರಬೇಕಾದವು. ಮಾಲೀಕನೇ ಕೈಚೆಲ್ಲಿದಾಗ ಗತಿಯೇನು?

ಈ ಪ್ರಶ್ನೆಗೆ ಉತ್ತರವಾಗಿ ಕೇಂದ್ರ ಸರಕಾರವು 1986ರ ಸೆಪ್ಟೆಂಬರ್ 15ರಂದು ಜವಳಿ ಕಾರ್ಮಿಕರ ಪುನರ್ವಸತಿ ನಿಧಿ ಯೋಜನೆಯನ್ನು ಜಾರಿಗೆ ತಂದಿತು. ಖಾಸಗಿ ಕ್ಷೇತ್ರದ ಗಿರಣಿ ಶಾಶ್ವತವಾಗಿ ಮುಚ್ಚಿದರೆ ಕಾರ್ಮಿಕನಿಗೆ ಮೊದಲ ವರ್ಷ ವೇತನದ ಶೇಕಡಾ 75, ಎರಡನೆಯ ವರ್ಷ 50, ಮೂರನೆಯ ವರ್ಷ 25 ದೊರೆಯುತ್ತಿತ್ತು. ಅವನು ಆ ಗಿರಣಿಯಲ್ಲಿ ಐದು ವರ್ಷ ಸತತವಾಗಿ ದುಡಿದಿರಬೇಕು. ಭವಿಷ್ಯನಿಧಿಗೆ ವಂತಿಗೆ ಕಟ್ಟಿರಬೇಕು. ವೇತನವು ಗೊತ್ತುಪಡಿಸಿದ ಮಿತಿಯೊಳಗಿರಬೇಕು. ಬೇರೊಂದು ನೋಂದಾಯಿತ ಕಾರ್ಖಾನೆಯಲ್ಲಿ ಕೆಲಸ ಸಿಕ್ಕೊಡನೆ ಪರಿಹಾರ ನಿಲ್ಲುತ್ತಿತ್ತು. ಸ್ವಂತ ಉದ್ಯೋಗ ಹಿಡಿದರೆ ನಿಲ್ಲುತ್ತಿರಲಿಲ್ಲ.

ಇವೆಲ್ಲಕ್ಕಿಂತ ಕಠಿಣವಾದ ನಿಬಂಧನೆ ಇನ್ನೊಂದಿತ್ತು. ಮುಚ್ಚುಗಡೆಗೆ ರಾಜ್ಯ ಸರಕಾರದ ಅನುಮತಿ ದೊರೆತಿರಬೇಕು, ಇಲ್ಲವೇ ಕಂಪನಿಯ ವಿಸರ್ಜನೆಗಾಗಿ ಅಧಿಕೃತ ಸಮಾಪಕರ ನೇಮಕವಾಗಿರಬೇಕು. ಬಾಗಿಲಿಗೆ ಬೀಗ ಬಿದ್ದ ಮಾತ್ರಕ್ಕೆ ಗಿರಣಿ ಮುಚ್ಚಿದಂತಾಗುವುದಿಲ್ಲ! ಮಾಲೀಕನು ಅನುಮತಿ ಕೇಳದೆ ಕೆಲಸ ನಿಲ್ಲಿಸಿದರೆ ಕಾರ್ಮಿಕನು ಅತ್ತ ಉದ್ಯೋಗಸ್ಥನೂ ಅಲ್ಲ, ಇತ್ತ ಪರಿಹಾರಾರ್ಹನೂ ಅಲ್ಲ. ಸಣ್ಣ ಪ್ರಮಾಣದ ಘಟಕಗಳ ದುಡಿಮೆಗಾರರಂತೂ ಯೋಜನೆಯ ಹೊರಗೇ ಉಳಿದರು. ತನ್ನ ಮನೆಯ ಮಗ್ಗದಲ್ಲಿ ನೇಯುವವನಿಗೆ ಮಾಲೀಕನೂ ಇಲ್ಲ, ಭವಿಷ್ಯನಿಧಿಯೂ ಇಲ್ಲ; ನೂಲಿನ ಬೆಲೆಯೇರಿ ಮಗ್ಗ ನಿಂತರೆ ಅವನ ನಷ್ಟವನ್ನು ಈ ಯೋಜನೆ ಲೆಕ್ಕಕ್ಕೆ ಹಿಡಿಯಲಿಲ್ಲ.

ನಿಬಂಧನೆಯ ಬಿಗಿತ ನಮ್ಮ ದೇಶದ್ದು ಮಾತ್ರವಲ್ಲ. ವಿದೇಶೀ ಆಮದಿನಿಂದ ಕೆಲಸ ಕಳೆದುಕೊಂಡವರಿಗೆಂದು ಅಮೆರಿಕವು 1962ರಲ್ಲಿಯೇ ನೆರವಿನ ಕಾನೂನು ಮಾಡಿತು. ಆದರೆ ಆಮದೇ ನಷ್ಟದ ಪ್ರಧಾನ ಕಾರಣವೆಂದು ಸಿದ್ಧಪಡಿಸುವುದು ದುಸ್ಸಾಧ್ಯವಾಗಿ, 1969ರವರೆಗೆ ಒಬ್ಬ ಕಾರ್ಮಿಕನಿಗೂ ಅದು ದಕ್ಕಲಿಲ್ಲ. 1974ರ ಕಾನೂನು ನಿಬಂಧನೆಯನ್ನು ಸಡಿಲಿಸಿದ ಮೇಲೆಯೇ ನೆರವು ವ್ಯಾಪಕವಾಯಿತು. ಕಾನೂನು ಇರುವುದು ಬೇರೆ, ಅದು ಕೈಗೆಟುಕುವುದು ಬೇರೆ.

ನಮ್ಮ ಜವಳಿ ಯೋಜನೆಯು 2017ರ ಏಪ್ರಿಲ್ 1ರಿಂದ ಇ.ಎಸ್.ಐ. ನಿಗಮದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯಲ್ಲಿ ವಿಲೀನವಾಯಿತು. 2018ರ ಜುಲೈ 1ರಂದು ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆಯೂ ಬಂದಿತು. 2020ರಲ್ಲಿ ಅದರ ನೆರವು ಸರಾಸರಿ ವೇತನದ ಶೇಕಡಾ 25ರಿಂದ 50ಕ್ಕೆ ಏರಿತು, 90 ದಿನಗಳ ಮಿತಿಯಲ್ಲಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಕಡಿತಗೊಂಡವನ ಮರುತರಬೇತಿಗಾಗಿ 15 ದಿನಗಳ ವೇತನದಷ್ಟು ಹಣವನ್ನು ಮಾಲೀಕನು ನಿಧಿಗೆ ಕೊಡಬೇಕೆಂದಿದೆ. ಆದರೆ ಮುಚ್ಚುಗಡೆಗೆ ಸರಕಾರದ ಅನುಮತಿ ಬೇಕಾಗುವ ಕಾರ್ಮಿಕಸಂಖ್ಯೆಯ ಮಿತಿಯನ್ನು ನೂರರಿಂದ ಮುನ್ನೂರಕ್ಕೆ ಏರಿಸಿದೆ.

ಹೆಸರುಗಳು ಬದಲಾದರೂ ಮರ್ಮ ಒಂದೇ: ಲಿಖಿತ ಪ್ರಮಾಣವಿಲ್ಲದವನಿಗೆ ಅರ್ಹತೆಯಿಲ್ಲ. ನೇಮಕದ ಪತ್ರ, ವೇತನದ ಚೀಟಿ, ಭವಿಷ್ಯನಿಧಿ ಮತ್ತು ವಿಮೆಯ ಸಂಖ್ಯೆ, ಕೆಲಸದಿಂದ ತೆಗೆದ ಆದೇಶ, ಇವು ಕಾರ್ಮಿಕನ ಪಾಲಿನ ಆಸ್ತಿಪತ್ರಗಳು. 1905ರಲ್ಲಿ ನೆರೆಯ ಕಣಗಿನಹಾಳದಲ್ಲಿ ಸಹಕಾರ ಸಂಘವನ್ನು ಕಟ್ಟಿದ ಹಿರಿಯರು ಪರಸ್ಪರ ನೆರವಿನ ಜೊತೆಗೆ ಲೆಕ್ಕಪತ್ರದ ಶಿಸ್ತನ್ನೂ ಈ ನಾಡಿಗೆ ಕಲಿಸಿದರು. ಶಿಕ್ಷಕರು ಪತ್ರಲೇಖನದ ಪಾಠದಲ್ಲಿ ರಜೆಯ ಅರ್ಜಿಯೊಂದಿಗೆ ಪರಿಹಾರದ ಅರ್ಜಿಯನ್ನೂ ಬರೆಯಿಸಲಿ. ಕಚೇರಿಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ಓದುಬರಹವಿಲ್ಲದ ಕಾರ್ಮಿಕನ ಕಾಗದಗಳನ್ನು ಒಮ್ಮೆ ನೋಡಿಕೊಡಲಿ. ಪರಿಹಾರವು ಭಿಕ್ಷೆಯಲ್ಲ, ದುಡಿದವನ ಹಕ್ಕು. ಆ ಹಕ್ಕನ್ನು ಓದಿ ತಿಳಿಸುವುದು ಅಕ್ಷರಸ್ಥರ ಹೊಣೆ.