ಗಾಯದ ರಕ್ತಕ್ಕೂ ಮೈಲಿಗೆಯೇ?

ಪ್ರಶ್ನೆ: ಜೆರುಸಲೇಮಿನ ಯೆಹೂದಿ ಸ್ನೇಹಿತೆಯೊಬ್ಬಳು ನನ್ನ ಸಹೋದ್ಯೋಗಿ. ಎರಡು ತಿಂಗಳಿಂದ ಅವಳಿಗೆ ಆಗಾಗ ರಕ್ತದ ಕಲೆ ಕಾಣುತ್ತಿದೆ. ಡಾಕ್ಟರು ‘ಇದು ಮುಟ್ಟಲ್ಲ’ ಎಂದರೂ ಗಂಡನಿಂದ ದೂರವೇ ಇದ್ದಾಳೆ. ಮಕ್ಕಳಿಲ್ಲದ ಕೊರಗು ಬೇರೆ. ಅವರಲ್ಲಿ ಇದಕ್ಕೆ ದಾರಿಯಿಲ್ಲವೇ?
— ಓರ್ವ ಸೋದರಿ, ಬೆಂಗಳೂರು

ಉತ್ತರ: ಇದೆ ತಾಯೀ. ವೇದಪಾಠಶಾಲೆಯಲ್ಲಿ ಕಲಿತ ನಾನು ಅವರ ಶಾಸ್ತ್ರಕ್ಕೆ ಅಧಿಕಾರಿಯಲ್ಲ. ಓದಿ ತಿಳಿದಷ್ಟು ಹೇಳುತ್ತೇನೆ.

ನಮ್ಮ ಮನೆಯ ಮಡಿ-ಮೈಲಿಗೆಯ ಲೆಕ್ಕದಲ್ಲಿ ಇದನ್ನು ನೋಡಬೇಡಿ. ಅಲ್ಲಿ ಮುಟ್ಟಾದವಳು ಅಡುಗೆ ಮಾಡುತ್ತಾಳೆ, ಪ್ರಾರ್ಥಿಸುತ್ತಾಳೆ, ಶುಕ್ರವಾರ ಸಂಜೆ ಸಬ್ಬತ್ತಿನ ದೀಪವನ್ನೂ ಹಚ್ಚುತ್ತಾಳೆ. ನಿಷೇಧ ಇರುವುದು ಗಂಡ-ಹೆಂಡಿರ ಸ್ಪರ್ಶಕ್ಕೆ. ‘ನಿದ್ದಾ’ ಎಂಬ ಈ ನಿಯಮದ ಮೂಲ ಯಾಜಕಕಾಂಡದ 15ನೇ ಅಧ್ಯಾಯ. ರಕ್ತ ಪೂರ್ತಿ ನಿಂತ ಮೇಲೆ 7 ಶುದ್ಧ ದಿನ ಎಣಿಸಿ, ‘ಮಿಕ್ವೆ’ ಎಂಬ ಸ್ನಾನಕುಂಡದಲ್ಲಿ ಮುಳುಗಿ ಏಳಬೇಕು. ಸಾಸಿವೆಕಾಳಿನಷ್ಟು ರಕ್ತಕ್ಕೂ 7 ದಿನ ಎಣಿಸುವ ಕಟ್ಟುನಿಟ್ಟನ್ನು ಹೆಂಗಸರೇ ವಹಿಸಿಕೊಂಡರಂತೆ, ತಾಲ್ಮುದ್ ಹಾಗೆನ್ನುತ್ತದೆ. ನಡುವೆ ರಕ್ತ ಕಂಡಿತೋ, ಎಣಿಕೆ ಮತ್ತೆ ಒಂದರಿಂದ. ಆ ಹುಡುಗಿ ಸಿಕ್ಕಿಕೊಂಡಿರುವುದು ಇಲ್ಲೇ. ಗರ್ಭ ನಿಲ್ಲುವ ದಿನಗಳು ಈ ಎಣಿಕೆಯಲ್ಲೇ ಕಳೆದುಹೋಗಬಹುದು.

ಆದರೆ ಗಾಯದ ರಕ್ತಕ್ಕೆ ನಿದ್ದಾ ಇಲ್ಲ. ತಾಲ್ಮುದಿನಲ್ಲಿ ಒಂದು ಪ್ರಸಂಗ ಬರುತ್ತದೆ. ಒಬ್ಬ ಹೆಂಗಸಿಗೆ ಕೆಂಪು ಹೊಪ್ಪಳೆಗಳಂಥವು ಬೀಳುತ್ತಿದ್ದವು. ವಿಷಯ ಯಾವ್ನೆಯ ಪಂಡಿತರ ಮುಂದೆ ಬಂತು. ಅವರು ತಾವೇ ತೀರ್ಪು ಕೊಡಲಿಲ್ಲ, ವೈದ್ಯರನ್ನು ಕೇಳಿದರು! ‘ಒಳಗೆ ಗಾಯವಿದೆ, ಬಿದ್ದದ್ದನ್ನು ನೀರಿಗೆ ಹಾಕಿ ನೋಡಿ, ಕರಗಿದರೆ ಮಾತ್ರ ಅಶುದ್ಧ’ ಅಂದರು ವೈದ್ಯರು. ಸುಮಾರು 1900 ವರ್ಷದ ಹಿಂದಿನ ಮಾತು. ನನಗೆ ಬಹಳ ಮೆಚ್ಚುಗೆಯಾದ ಪ್ರಸಂಗವಿದು.

ಹಾಗಾದರೆ ಡಾಕ್ಟರು ‘ಮುಟ್ಟಲ್ಲ’ ಎಂದದ್ದು ಸಾಲದೇ? ಸಾಲದು. ಅವರ ಶಾಸ್ತ್ರ ಕೇಳುವುದು ರೋಗವೋ ಅಲ್ಲವೋ ಅಂತಲ್ಲ, ರಕ್ತ ಎಲ್ಲಿಂದ ಬಂತು ಅಂತ. ಮಾತ್ರೆಯ ದೆಸೆಯಿಂದ ಗರ್ಭಕೋಶದ ಒಳಪದರ ಕಳಚಿ ಬಂದರೆ, ಕಾರಣ ಔಷಧವೇ ಆದರೂ ಅದು ನಿದ್ದಾ. ಗರ್ಭಕೋಶದ ಬಾಯಿಯಲ್ಲಿ ಹುಣ್ಣಿದ್ದು ಅದರಿಂದ ಒಸರಿದರೆ ಅಲ್ಲ. ಬಣ್ಣದ ಬಟ್ಟೆಯ ಮೇಲಿನ ಬರೀ ಕಲೆಗೂ ಸಾಮಾನ್ಯವಾಗಿ ವಿನಾಯಿತಿಯುಂಟು. ಗಾಯವಿದ್ದವಳಿಗೆ, ಶುದ್ಧ ದಿನಗಳಲ್ಲಿ ಮಾಡಿಕೊಳ್ಳುವ ಒಳಪರೀಕ್ಷೆಯನ್ನೂ ರಬ್ಬಿಗಳು ಕಡಿಮೆ ಮಾಡಿಕೊಡುತ್ತಾರೆ.

ಆದ್ದರಿಂದ ಅವಳು ಮತ್ತೆ ಡಾಕ್ಟರ ಬಳಿ ಹೋಗಲಿ. ಎರಡು ತಿಂಗಳ ರಕ್ತಸ್ರಾವ ಹೇಗೂ ಅಲಕ್ಷ್ಯ ಮಾಡುವಂಥದ್ದಲ್ಲ. ಗಾಯ ಯಾವ ಜಾಗದಲ್ಲಿದೆ, ಈಗಲೂ ರಕ್ತ ಒಸರುತ್ತಿದೆಯೇ, ಮಾಯಲು ಎಷ್ಟು ದಿನ, ಇಷ್ಟನ್ನೂ ಬರೆಸಿಕೊಂಡು ರಬ್ಬಿಗೆ ತೋರಿಸಲಿ. ಗಂಡಸರ ಮುಂದೆ ಹೇಳಲು ಸಂಕೋಚವಾದರೆ, ಜೆರುಸಲೇಮಿನಲ್ಲೇ ‘ನಿಶ್ಮತ್’ ಎಂಬ ವಿದ್ಯಾಪೀಠವಿದೆ. ಈ ವಿಷಯದಲ್ಲಿ ಸಲಹೆ ಕೊಡಲೆಂದೇ ಕಲಿತ ಹೆಂಗಸರ ಮೊದಲ ತಂಡ 1999ರಲ್ಲಿ ಅಲ್ಲಿಂದ ಹೊರಬಂತು. ಅವರಿಗೆ ಫೋನು ಮಾಡಿದರೂ ಆದೀತು.