ಬಿಸಿಲಿದ್ದರೂ ನೀರು ಕಾಯದೇಕೆ?

ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳಲ್ಲಿ ಯಾವ ಮಾಳಿಗೆಯನ್ನೇರಿ ನೋಡಿದರೂ ದಕ್ಷಿಣಕ್ಕೆ ಮುಖಮಾಡಿ ಓರೆಯಾಗಿ ನಿಂತ ಸೌರ ಜಲತಾಪಕಗಳು ಕಣ್ಣಿಗೆ ಬೀಳುತ್ತವೆ. ಜನರ ಬಾಯಲ್ಲಿ ಅದು ಬರಿಯ ‘ಸೋಲಾರ್’. 2007ರಲ್ಲಿ ಕರ್ನಾಟಕ ಸರ್ಕಾರವು ಗೊತ್ತಾದ ಅಳತೆಗೆ ಮೀರಿದ ಹೊಸ ಮನೆಗಳಿಗೆ ಅದನ್ನು ಕಡ್ಡಾಯಗೊಳಿಸಿದ ಮೇಲಂತೂ ಬಚ್ಚಲೊಲೆ, ತಾಮ್ರದ ಹಂಡೆಗಳ ಸ್ಥಾನವನ್ನು ಬಹುಮಟ್ಟಿಗೆ ಅದೇ ತುಂಬಿದೆ. ಇಂತಹ ಸೋಲಾರಿನಲ್ಲಿ ಒಂದು ದಿನ ನೀರು ಕಾಯದೆ ಹೋದರೆ ಮನೆಯವರು ತೊಟ್ಟಿಯೊಳಗಿನ ವಿದ್ಯುತ್ ಸುರುಳಿಯ ಸ್ವಿಚ್ಚನ್ನು ಒತ್ತಿ ಸುಮ್ಮನಾಗುವುದುಂಟು. 100 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಸುಮಾರು 4.7 ಯೂನಿಟ್ ವಿದ್ಯುತ್ತು ಬೇಕು. ತಿಂಗಳಿಗೆ 140 ಯೂನಿಟ್ ಆಯಿತು. ಸೂರ್ಯನು ಪುಕ್ಕಟೆಯಾಗಿ ಕೊಡುವುದನ್ನು ಹಣ ತೆತ್ತು ಕೊಳ್ಳುವ ಮೊದಲು ದೋಷವೆಲ್ಲಿದೆ ಎಂದು ವಿಚಾರಿಸುವುದು ಲೇಸಲ್ಲವೆ?

ಮನೆಯ ಸೋಲಾರಿನಲ್ಲಿ ನೀರನ್ನು ತಿರುಗಿಸಲು ಸಾಮಾನ್ಯವಾಗಿ ಪಂಪು ಇರುವುದಿಲ್ಲ. ಫಲಕದಲ್ಲಿ ಕಾದ ನೀರು ಹಿಗ್ಗಿ ಹಗುರವಾಗಿ ಮೇಲಿನ ತೊಟ್ಟಿಗೆ ಏರುತ್ತದೆ. ತೊಟ್ಟಿಯ ತಳದ ತಣ್ಣೀರು ಫಲಕದ ಬುಡಕ್ಕೆ ಇಳಿಯುತ್ತದೆ. ಪಠ್ಯಪುಸ್ತಕದಲ್ಲಿ ನೀವು ಓದಿರುವ ಸಂವಹನವೇ ಇದು. ಆದರೆ ಈ ಚಲನೆಯನ್ನು ನಡೆಸುವ ಬಲ ಎಷ್ಟೆಂಬುದನ್ನು ಪಠ್ಯಪುಸ್ತಕಗಳು ಹೇಳುವುದು ಅಪೂರ್ವ. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರಿನ ತೂಕ 997 ಗ್ರಾಂ. 60 ಡಿಗ್ರಿಯಲ್ಲಿ 983 ಗ್ರಾಂ. ಅರ್ಧ ಮೀಟರ್ ಎತ್ತರದ ಇಂತಹ ಎರಡು ನೀರಿನ ಕಂಬಗಳನ್ನು ಅಕ್ಕಪಕ್ಕದಲ್ಲಿ ಇಟ್ಟರೆ ಅವುಗಳ ಒತ್ತಡಗಳಲ್ಲಿರುವ ಅಂತರವು ಕೇವಲ 7 ಮಿಲಿಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮ. ಇಡೀ ಯಂತ್ರವು ನಡೆಯುವುದು ಇಷ್ಟು ಅಲ್ಪ ಬಲದಿಂದ!

ಆದುದರಿಂದ ಅತ್ಯಲ್ಪ ಅಡ್ಡಿಯೂ ಇಲ್ಲಿ ದೊಡ್ಡ ಅಡ್ಡಿಯೇ. ನಮ್ಮ ಬಡಾವಣೆಗಳಲ್ಲಿ ನೀರು ಬಾರದ ದಿನ ಮಾಳಿಗೆಯ ಟ್ಯಾಂಕು ಬರಿದಾಗುವುದು ಹೊಸತೇನಲ್ಲ. ಮತ್ತೆ ನೀರು ತುಂಬುವಾಗ ಕೊಳವೆಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಕಾಯುವ ನೀರು ಕೂಡ ತನ್ನಲ್ಲಿ ಕರಗಿದ್ದ ಗಾಳಿಯನ್ನು ಹೊರಬಿಡುತ್ತದೆ. ಫಲಕದಿಂದ ತೊಟ್ಟಿಗೆ ಹೋಗುವ ಕೊಳವೆ ಉದ್ದಕ್ಕೂ ಏರುತ್ತಲೇ ಹೋದರೆ ಗುಳ್ಳೆಗಳು ತಾವಾಗಿ ಹೊರಟುಹೋಗುತ್ತವೆ. ನಡುವೆ ಒಂದು ಡುಬ್ಬವಿದ್ದರೆ ಗಾಳಿ ಅಲ್ಲಿಯೇ ನೆಲೆಸುವುದು. ಅದನ್ನು ದಾಟಲು ನೀರು ಗಾಳಿಯ ಎತ್ತರದಷ್ಟು ಮೇಲೇರಬೇಕು. ಗಾಳಿ ಒಂದು ಸೆಂಟಿಮೀಟರ್ ಎತ್ತರ ತುಂಬಿದ್ದರೂ ನಮ್ಮ 7 ಮಿಲಿಮೀಟರಿನ ಬಲ ಸೋತಿತು. ಬಿಸಿಲು ಎಷ್ಟೇ ಪ್ರಖರವಾಗಿದ್ದರೂ ನೀರು ಕದಲದು.

ಎರಡನೆಯ ಅಡ್ಡಿ ಕೊಳವೆಬಾವಿಯ ಗಡಸು ನೀರಿನದು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು, ಕಾರ್ಬೊನೇಟಾಗಿ ಕೊಳವೆಯ ಒಳಗೋಡೆಗೆ ಸುಣ್ಣದಂತೆ ಹತ್ತುತ್ತದೆ. ಕೊಳವೆಯ ಒಳವ್ಯಾಸ ಅರ್ಧಕ್ಕಿಳಿದರೆ ಹರಿವು ಅರ್ಧವಾಗುವುದೆಂದು ತಿಳಿಯಬೇಡಿ. ನಿಧಾನವಾದ ಹರಿವಿಗೆ ಪ್ವಾಸ್ಯೂಯಿಯ ನಿಯಮ ಅನ್ವಯಿಸುತ್ತದೆ. ಅದರಂತೆ ಹರಿವು ಹದಿನಾರನೆಯ ಒಂದು ಪಾಲಿಗೆ ಕುಸಿಯುವುದು.

ಇವುಗಳನ್ನು ಗುರುತಿಸುವುದು ಹೇಗೆ? ನಿರ್ಮಲ ಬಿಸಿಲಿನ ದಿನ ಮಧ್ಯಾಹ್ನ, ಉಷ್ಣತಾಮಾಪಕವೊಂದನ್ನು ಹಿಡಿದು ಮಾಳಿಗೆಗೆ ಹೋಗಿ. ಕೊಳವೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೊಬ್ಬೆ ಬಂದೀತು. ಫಲಕದ ತಲೆಯ ಕೊಳವೆ ಸುಡುತ್ತಿದ್ದು ತೊಟ್ಟಿಯ ನೀರು ತಣ್ಣಗಿದ್ದರೆ ಶಾಖ ಹುಟ್ಟುತ್ತಿದೆ, ಆದರೆ ಸಾಗುತ್ತಿಲ್ಲ. ದೋಷ ಗಾಳಿಯದು ಅಥವಾ ಸುಣ್ಣದ್ದು. ಎಲ್ಲವೂ ಉಗುರುಬೆಚ್ಚಗಿದ್ದರೆ ಶಾಖವೇ ಸಾಲದು: ಗಾಜಿನ ಮೇಲೆ ಧೂಳಿರಬಹುದು, ಇಲ್ಲವೆ ದಕ್ಷಿಣಕ್ಕೆ ಹೊಸ ಕಟ್ಟಡ ಎದ್ದಿರಬಹುದು. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಡಿಸೆಂಬರಿನ ಮಧ್ಯಾಹ್ನದಲ್ಲಿ ಸೂರ್ಯನ ಎತ್ತರ ಸುಮಾರು 53 ಡಿಗ್ರಿಯಷ್ಟೆ. ನಿಮ್ಮ ಮಾಳಿಗೆಗಿಂತ 10 ಮೀಟರ್ ಮೇಲೆದ್ದ ಗೋಡೆ ಆಗ 7 ಮೀಟರಿಗೂ ಉದ್ದದ ನೆರಳನ್ನು ಚೆಲ್ಲುತ್ತದೆ. ಬಿಸಿನೀರು ಹೆಚ್ಚು ಬೇಕಾದ ಚಳಿಗಾಲದಲ್ಲಿಯೇ ಈ ನೆರಳು ಬೀಳುವುದು ಬೇಸರದ ಸಂಗತಿ. ನಿರ್ವಾತದ ಗಾಜಿನ ನಳಿಕೆಗಳುಳ್ಳ ಸೋಲಾರಾದರೆ ನಳಿಕೆಯ ತುದಿಯಲ್ಲಿರುವ ಬೆಳ್ಳಿಬಣ್ಣದ ಲೇಪವನ್ನು ನೋಡಿ. ಅದು ಬಿಳಿಚಿಕೊಂಡಿದ್ದರೆ ಒಳಗೆ ಗಾಳಿ ನುಗ್ಗಿದೆ. ಆ ನಳಿಕೆಯನ್ನು ಬದಲಾಯಿಸತಕ್ಕದ್ದು.

ಸಂಜೆ ಬಿಸಿಯಿದ್ದ ನೀರು ಬೆಳಗಾಗುವಷ್ಟರಲ್ಲಿ ತಣಿದಿದ್ದರೆ ಕಥೆ ಬೇರೆ. ತೊಟ್ಟಿಯ ತಳವು ಫಲಕದ ತಲೆಗಿಂತ ಸಾಕಷ್ಟು ಎತ್ತರದಲ್ಲಿರದಿದ್ದರೆ ರಾತ್ರಿ ಫಲಕವು ಆಕಾಶಕ್ಕೆ ಶಾಖವನ್ನು ವಿಕಿರಿಸಿ ತಣ್ಣಗಾಗುತ್ತ ನೀರನ್ನು ಹಿಮ್ಮುಖವಾಗಿ ತಿರುಗಿಸಬಲ್ಲದು. ಬಚ್ಚಲಿನ ಮಿಕ್ಸರ್ ನಲ್ಲಿಯೂ ಕಳ್ಳನಾಗಿರಬಹುದು: ತಣ್ಣೀರಿನ ಕೊಳವೆಗೆ ಮಾತ್ರ ಒತ್ತಡದ ಪಂಪನ್ನು ಜೋಡಿಸಿದ ಮನೆಗಳಲ್ಲಿ ಆ ನೀರು ಮಿಕ್ಸರಿನ ಮೂಲಕ ಬಿಸಿನೀರಿನ ಕೊಳವೆಗೆ ನುಗ್ಗುವುದುಂಟು. ಒಂದು ರಾತ್ರಿ ಮಿಕ್ಸರಿಗೆ ಹೋಗುವ ತಣ್ಣೀರನ್ನು ನಿಲ್ಲಿಸಿ ನೋಡಿದರೆ ನಿಜ ಗೊತ್ತಾಗುವುದು.

ಸುಣ್ಣವನ್ನು ಆಮ್ಲದಿಂದ ತೆಗೆಯುವ ಕೆಲಸವನ್ನೂ ವಿದ್ಯುತ್ ಸುರುಳಿಯ ಕೆಲಸವನ್ನೂ ಬಲ್ಲವರಿಗೇ ಬಿಡಿ. ತೊಟ್ಟಿಯ ನೆತ್ತಿಯಿಂದ ಮೇಲಕ್ಕೆ ನಿಂತಿರುವ ಗಾಳಿಕೊಳವೆಯಿಂದ ನೀರು ಚಿಮ್ಮುತ್ತದೆಂದು ಕೆಲವರು ಅದರ ಬಾಯಿಗೆ ಬಿರಡೆ ಜಡಿಯುತ್ತಾರೆ. ಇದು ಶುದ್ಧ ಅವಿವೇಕ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಊರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಆವಿಗೆ ಹೊರದಾರಿ ಇಲ್ಲವಾದರೆ ತೊಟ್ಟಿಯೇ ಸಿಡಿದೀತು.