ನೋಯದ ಗಾಯಕ್ಕೇ ಮೊದಲು ದವಾಖಾನೆ

ಕಂದಲಗಾಂವ, ಮಂದ್ರೂಪ ಕಡೆಯ ಹೊಲಗಳಲ್ಲಿ ಕಬ್ಬಿನ ಕೂಳೆ ಕಾಲಿಗೆ ಚುಚ್ಚುವುದು ಹೊಸದೇನಲ್ಲ. ಅರಿಸಿನ ಒತ್ತಿ, ಅರಿವೆ ಸುತ್ತಿ ಮತ್ತೆ ಕೆಲಸಕ್ಕೆ ಇಳಿಯುತ್ತಾರೆ. ಗಟ್ಟಿಮುಟ್ಟಾದವರಿಗೆ ಅದು ಬಹುಮಟ್ಟಿಗೆ ಮಾಯುತ್ತದೆ. ಸಕ್ಕರೆ ಕಾಯಿಲೆಯವರ ಮಾತೇ ಬೇರೆ. ವರ್ಷಗಟ್ಟಲೆ ಏರಿದ ಸಕ್ಕರೆ ಪಾದದ ನರಗಳನ್ನು ಮಂದ ಮಾಡಿರುತ್ತದೆ. ಮುಳ್ಳು ನಟ್ಟದ್ದು ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಅಕ್ಕಲಕೋಟದ ಗುಡಿಗೆ ಬರಿಗಾಲಲ್ಲಿ ನಡೆದು ಅಂಗಾಲು ಬೊಬ್ಬೆ ಎದ್ದರೂ ಮನೆಗೆ ಬಂದು ನೋಡಿದಾಗಲೇ ಗೊತ್ತಾಗುತ್ತದೆ. ‘ನೋವಿಲ್ಲ ಬಿಡ್ರಿ’ ಎಂದು ಸುಮ್ಮನಾಗಬೇಡಿ. ಅಂಥ ಕಾಲಿಗೇ ಅವಸರ ಮಾಡಬೇಕು.

ಗಾಯವಾದ ಕೂಡಲೇ ಕೈಯನ್ನು ಸಾಬೂನಿನಿಂದ ತೊಳೆದುಕೊಳ್ಳಿ. ರಕ್ತ ಹರಿಯುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿಯಿರಿ. ನಿಂತ ಮೇಲೆ ಕುಡಿಯುವ ನೀರನ್ನು ಧಾರೆಯಾಗಿ ಬಿಟ್ಟು ಮಣ್ಣು, ರವದಿ ಹೋಗುವವರೆಗೆ ತೊಳೆಯಿರಿ. ನೀರಿನ ಬಗ್ಗೆ ಅನುಮಾನವಿದ್ದರೆ ಅರ್ಧ ಲೀಟರಿಗೆ ಒಂದು ಮಟ್ಟಸ ಚಹಾ ಚಮಚ ಉಪ್ಪು ಹಾಕಿ ಕುದಿಸಿ, ಆರಿಸಿ ಬಳಸಿ. ಆಳಕ್ಕೆ ನಟ್ಟ ಚೂರನ್ನು ಮನೆಯಲ್ಲಿ ಕೀಳಬೇಡಿ. ಅರಿಸಿನ, ಸುಣ್ಣ, ಕಾಫಿಪುಡಿ, ಬೂದಿ ಯಾವುದೂ ಬೇಡ. ಅವು ಸೋಂಕು ಒಳಗೊಯ್ಯಬಹುದು, ಒಳಗೇನಾಗಿದೆ ಎಂದು ವೈದ್ಯರಿಗೆ ಕಾಣದಂತೆಯೂ ಮಾಡುತ್ತವೆ. ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡನ್ನು ದಿನವೂ ಸುರಿಯುವುದು ಹೊಸದಾಗಿ ಬೆಳೆಯುವ ಜೀವಕೋಶಗಳನ್ನೇ ಕೊಲ್ಲುತ್ತದೆ. ಧನುರ್ವಾಯುವಿನ ಚುಚ್ಚುಮದ್ದು ಕೊನೆಯ ಬಾರಿ ಯಾವಾಗ ಆಯಿತು ಎಂಬುದನ್ನು ಆರೋಗ್ಯ ಕೇಂದ್ರದಲ್ಲಿ ತಪ್ಪದೆ ಹೇಳಿ. ಕೊಳಕು ಗಾಯಕ್ಕೆ 5 ವರ್ಷ ದಾಟಿದ್ದರೆ ಮತ್ತೆ ಬೇಕಾಗುತ್ತದೆ.

ಇನ್ನು ಮುಚ್ಚುವುದು. ‘ಗಾಳಿ ಆಡಲಿ, ಒಣಗಲಿ’ ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ಪ್ರಯೋಗ ಮಾಡಿ, ಮುಚ್ಚಿ ತೇವ ಉಳಿಸಿದ ಗಾಯದಲ್ಲಿ ಹೊಸ ಚರ್ಮ ತೆರೆದಿಟ್ಟ ಗಾಯಕ್ಕಿಂತ ಸುಮಾರು ಎರಡು ಪಟ್ಟು ಬೇಗ ಹರಡುವುದನ್ನು ತೋರಿಸಿದರು. ಚರ್ಮದ ಕೋಶಗಳು ತೇವದ ಮೇಲೆ ಸಲೀಸಾಗಿ ಸರಿಯುತ್ತವೆ. ಹೆಕ್ಕಳೆ ಕಟ್ಟಿದರೆ ಅದರ ಕೆಳಗೆ ಸುತ್ತಿ ಹೋಗಬೇಕು. ತೇವ ಎಂದರೆ ತೊಯ್ದು ತೊಪ್ಪೆಯಾಗುವುದಲ್ಲ. ಪಟ್ಟಿ ನೆನೆದರೆ ಬದಲಿಸಿ, ಅಂಟಿಕೊಂಡರೆ ಎಳೆಯದೆ ಉಪ್ಪುನೀರು ಹಾಕಿ ಬಿಡಿಸಿ. ರಕ್ತ ಹರಿಯದೆ ಒಣಗಿ ಕಪ್ಪಾದ ಬೆರಳಿಗೆ ಮಾತ್ರ ಈ ನಿಯಮ ಹೊಂದುವುದಿಲ್ಲ. ಅದನ್ನು ನೆನೆಸಬೇಡಿ, ಹಾಗೇ ದವಾಖಾನೆಗೆ ಹೋಗಿ.

ಅಲ್ಲಿ ಬರೀ ಪಟ್ಟಿ ಬದಲಿಸಿ ಕಳಿಸಿದರೆ ಚಿಕಿತ್ಸೆ ಮುಗಿದಂತಲ್ಲ. ಪಾದದ ನಾಡಿ ಮುಟ್ಟಿ ನೋಡಬೇಕು, 10 ಗ್ರಾಂ ಒತ್ತಡದ ನೈಲಾನ್ ಎಳೆಯಿಂದ ಸ್ಪರ್ಶ ಪರೀಕ್ಷಿಸಬೇಕು, ಹುಣ್ಣು ಎಲುಬಿಗೆ ಮುಟ್ಟಿದೆಯೇ ಎಂದು ತಿಳಿಯಬೇಕು, ಸತ್ತ ಮಾಂಸ ಕತ್ತರಿಸಿ ತೆಗೆಯಬೇಕು. ರಸ ಹೆಚ್ಚು ಒಸರುವ ಗಾಯಕ್ಕೆ ಫೋಮ್ ಇಲ್ಲವೇ ಆಲ್ಜಿನೇಟ್ ಪಟ್ಟಿ, ಒಣಗಿದ್ದಕ್ಕೆ ಹೈಡ್ರೋಜೆಲ್, ಕೆಲವು ಆಳದ ಗಾಯಗಳಿಗೆ ಗಾಳಿ ಹೀರುವ ಯಂತ್ರದ ಪಟ್ಟಿಯೂ ಇದೆ. ಕೆಂಪು, ಬಿಸಿ, ಕೀವು ಇಲ್ಲದ ಗಾಯಕ್ಕೆ ಆಂಟಿಬಯಾಟಿಕ್ ಕೇಳಿ ಪಡೆಯಬೇಡಿ.

ಇಷ್ಟೆಲ್ಲ ಮಾಡಿಯೂ ರೋಗಿ ಅದೇ ಹುಣ್ಣಿನ ಮೇಲೆ ನಡೆಯುತ್ತಿದ್ದರೆ ದುಬಾರಿ ಪಟ್ಟಿಯ ದುಡ್ಡು ನೀರಿಗೆ ಹಾಕಿದಂತೆ. ವೆಲ್ಲೂರಿನಲ್ಲಿ ಕುಷ್ಠರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಪಾಲ್ ಬ್ರ್ಯಾಂಡ್ ಇದನ್ನು ಹಿಂದೆಯೇ ಕಂಡುಕೊಂಡಿದ್ದರು: ಕಾಲು ತಾನಾಗಿ ಕೊಳೆಯುವುದಿಲ್ಲ, ನೋವು ತಿಳಿಯದೆ ಗಾಯದ ಮೇಲೇ ನಡೆಯುವುದರಿಂದ ಹಾಳಾಗುತ್ತದೆ. ಅಂಗಾಲಿನ ಹುಣ್ಣಿಗೆ ಪಾದದಿಂದ ಮೊಣಕಾಲ ಕೆಳಗಿನವರೆಗೆ ಹಾಕುವ ಪ್ಲಾಸ್ಟರ್ ಇದೆ. ಅದು ಭಾರವನ್ನು ಇಡೀ ಕಾಲಿಗೆ ಹಂಚುತ್ತದೆ. ಅದು ನನಗೆ ಹೊಂದುತ್ತದೆಯೇ ಎಂದು ವೈದ್ಯರನ್ನು ಬಾಯಿಬಿಟ್ಟು ಕೇಳಿ. ಸುಗ್ಗಿಯ ಕೂಲಿ ಬಿಟ್ಟು ಕೂರುವುದು ಸುಲಭವಲ್ಲ, ಗೊತ್ತು. ಆದರೂ ಈ ವಿಷಯದಲ್ಲಿ ಮನೆಯವರು ಹಟ ಹಿಡಿಯಲೇಬೇಕು.

ವಾರಕ್ಕೊಮ್ಮೆ ಗಾಯದ ಪಕ್ಕ ಸ್ಕೇಲು ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. 4 ವಾರದಲ್ಲಿ ಗಾಯ ಅರ್ಧದಷ್ಟಾದರೂ ಕುಗ್ಗದಿದ್ದರೆ ಅದೇ ಚಿಕಿತ್ಸೆ ಮುಂದುವರಿಸಬಾರದು. ಫೋಟೊಗಳನ್ನು ಹಿಡಿದು ಸೊಲ್ಲಾಪುರದ ಸಿವಿಲ್ ದವಾಖಾನೆಗೆ ಹೋಗಿ, ಕಾಲಿನ ರಕ್ತನಾಳದ ಪರೀಕ್ಷೆ ಆಗಬೇಕೇ ಎಂದು ಕೇಳಿ. ಕೆಂಪು ಮೇಲಕ್ಕೆ ಹರಡಿದರೆ, ದುರ್ವಾಸನೆ ಬಂದರೆ, ಬೆರಳು ಕಪ್ಪಾದರೆ, ಜ್ವರ ಬಂದರೆ, ಸಕ್ಕರೆ ಒಮ್ಮೆಲೇ ಏರಿದರೆ ನಾಳೆಯವರೆಗೆ ಕಾಯಬೇಡಿ. ಗಾಡಿ ಸಿಗದಿದ್ದರೆ ರಾತ್ರಿಯಾದರೂ 108ಕ್ಕೆ ಫೋನ್ ಮಾಡಿ.